ಬಾಗಿಲು ಉಳಿದ ಮಂದಿರ: ಬರ್ಲಿನ್ನಿನ ಹೊಸ ಸಿನಗಾಗ್

(ಚಿತ್ರಗಳನ್ನು ತೋರಿಸುತ್ತ ಮಾಡಿದ ಉಪನ್ಯಾಸದ ಬರಹ ರೂಪವಿದು. ಇಲ್ಲಿ ಚಿತ್ರಗಳಿಲ್ಲದ ಕಾರಣ ಕಟ್ಟಡದ ವರ್ಣನೆಯನ್ನು ತುಸು ವಿಸ್ತರಿಸಿದ್ದೇನೆ.)

ಬರ್ಲಿನ್ ನಗರದ ಒರಾನಿಯೆನ್‌ಬುರ್ಗರ್ ಬೀದಿಯಲ್ಲಿ ನಡೆಯುವವರಿಗೆ ಸಾಲುಮನೆಗಳ ಮೇಲಿಂದ ಚಿನ್ನದ ಪಟ್ಟಿಗಳಿರುವ ಒಂದು ದೊಡ್ಡ ಗುಮ್ಮಟ ದೂರದಿಂದಲೇ ಕಾಣುತ್ತದೆ. ನೆಲದಿಂದ ಸುಮಾರು 50 ಮೀಟರ್ ಎತ್ತರದ ಆ ಗುಮ್ಮಟವನ್ನು ನೋಡಿ, ಅದರ ಕೆಳಗೊಂದು ವಿಶಾಲವಾದ ಪ್ರಾರ್ಥನಾ ಸಭಾಂಗಣವಿರಬೇಕೆಂದು ಊಹಿಸಿ ಒಳಗೆ ಹೋದವರು ಒಂದೆರಡು ಮೊಗಸಾಲೆಗಳನ್ನು ದಾಟಿ ಗಾಜಿನ ಗೋಡೆಯೊಂದರ ಮುಂದೆ ನಿಲ್ಲುತ್ತಾರೆ. ಗಾಜಿನ ಆಚೆ ಇರುವುದು ಬಯಲು. ಕಲ್ಲುಗಳನ್ನು ಹಾಸಿ ಗುರುತು ಮಾಡಿದ ಒಂದು ಆಯತವನ್ನು ಬಿಟ್ಟರೆ ಅಲ್ಲಿ ಏನೂ ಇಲ್ಲ. 3,200 ಜನ ಕೂರುತ್ತಿದ್ದ ಸಭಾಂಗಣ ಇದ್ದದ್ದು ಆ ಬಯಲಿನಲ್ಲಿ. ಗುಮ್ಮಟವಾದರೋ ಆ ಸಭಾಂಗಣದ ಮೇಲೆ ಎಂದೂ ಇರಲಿಲ್ಲ. ಮೊದಲಿನಿಂದಲೂ ಅದು ಬಾಗಿಲ ಬಳಿಯ ಮೊಗಸಾಲೆಯ ಮೇಲೆಯೇ ಇತ್ತು. ಹಾಗೇಕೆ ಕಟ್ಟಿದರು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಹತ್ತೊಂಬತ್ತನೆಯ ಶತಮಾನದ ಯಹೂದಿ ಧರ್ಮಸುಧಾರಣೆಯ ಕಥೆಯ ಬಹುಭಾಗ ಈ ಕಟ್ಟಡದ ನಕ್ಷೆಯಲ್ಲಿಯೇ ಸಿಗುತ್ತದೆ ಎಂಬುದು ನನ್ನ ವಾದ.

ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಎಂದರೆ ಮೂಲತಃ ಜನ ಕೂಡುವ ಮನೆ. ಅಲ್ಲಿ ವಿಗ್ರಹವಿಲ್ಲ, ಬಲಿಯಿಲ್ಲ. ತೋರಾ ಎಂಬ ಧರ್ಮಗ್ರಂಥದ ಸುರುಳಿಗಳನ್ನು ಇಡುವ ಮಂಜೂಷ, ಅದರ ಮುಂದೆ ಆರದೆ ಉರಿಯುವ ನಂದಾದೀಪ, ಸುರುಳಿಯನ್ನು ಬಿಚ್ಚಿ ಓದುವ ಬಿಮಾ ಎಂಬ ಜಗಲಿ, ಈ ಮೂರಿದ್ದರೆ ಸಾಕು. ಹಳೆಯ ಪದ್ಧತಿಯಲ್ಲಿ ಬಿಮಾ ಸಭಾಂಗಣದ ನಟ್ಟನಡುವೆ ಇರುತ್ತಿತ್ತು. ಓದುವವನು ಜನರ ನಡುವೆ ನಿಂತು ಓದುತ್ತಿದ್ದ. ಹೆಂಗಸರು ಉಪ್ಪರಿಗೆಯಲ್ಲಿಯೋ ಪಕ್ಕದ ಕೋಣೆಯಲ್ಲಿಯೋ, ಜಾಲಂಧ್ರದ ಮರೆಯಲ್ಲಿ ಕೂರುತ್ತಿದ್ದರು. ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ ನಡೆಯುತ್ತಿತ್ತು. ವಾದ್ಯ ಸಂಗೀತ ಇರಲಿಲ್ಲ. ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ಗುರುತಾಗಿ ಅದನ್ನು ಕೈಬಿಡಲಾಗಿತ್ತು, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು, ಅಂದರೆ ಶನಿವಾರ, ವಾದ್ಯ ನುಡಿಸುವುದಕ್ಕೆ ನಿಷೇಧವೂ ಇತ್ತು.

ಇವುಗಳಲ್ಲಿ ಒಂದೊಂದನ್ನೇ ಪ್ರಶ್ನಿಸಿದವರು ಜರ್ಮನ್ ನಾಡುಗಳ ಯಹೂದಿಗಳು. 1810ರಲ್ಲಿ ಜೇಸನ್ ಎಂಬ ಸಣ್ಣ ಊರಿನಲ್ಲಿ ಇಸ್ರೇಲ್ ಯಾಕೋಬ್‌ಸನ್ ಎಂಬ ಶ್ರೀಮಂತ ತನ್ನ ಶಾಲೆಗೆ ಸೇರಿದಂತೆ ಕಟ್ಟಿಸಿದ ಪ್ರಾರ್ಥನಾ ಮಂದಿರದಲ್ಲಿ ಚರ್ಚುಗಳಲ್ಲಿ ನುಡಿಸುವ ಆರ್ಗನ್ ವಾದ್ಯವನ್ನು ಇಡಿಸಿದನು, ಜರ್ಮನ್ ಭಾಷೆಯಲ್ಲಿ ಪ್ರವಚನ ಮಾಡಿಸಿದನು. 1815ರಲ್ಲಿ ಅವನು ಬರ್ಲಿನ್ನಿಗೆ ಬಂದ ಮೇಲೆ ಅಲ್ಲಿ ಖಾಸಗಿ ಮನೆಗಳಲ್ಲಿ ಇದೇ ಬಗೆಯ ಪ್ರಾರ್ಥನೆಗಳು ಶುರುವಾದವು. 1818ರಲ್ಲಿ ಹ್ಯಾಂಬುರ್ಗ್ ನಗರದ ಸುಧಾರಕರು ತಮ್ಮದೇ ಮಂದಿರವನ್ನು ತೆರೆದರು. ಬರ್ಲಿನ್ನಿನಲ್ಲಿ ಮಾತ್ರ ಆ ನಗರವನ್ನು ರಾಜಧಾನಿ ಮಾಡಿಕೊಂಡಿದ್ದ ಪ್ರಶ್ಯ ರಾಜ್ಯದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮ್ ಅಡ್ಡ ಬಂದನು: ಯಹೂದಿಗಳು ತಮ್ಮ ಹಳೆಯ ವಿಧಿಯಂತೆ, ಭಾಷೆಯಲ್ಲಾಗಲಿ ಹಾಡಿನಲ್ಲಾಗಲಿ ಯಾವ ಹೊಸತನವನ್ನೂ ತಾರದೆ ಪ್ರಾರ್ಥಿಸತಕ್ಕದ್ದು ಎಂದು 1823ರಲ್ಲಿ ಆಜ್ಞೆ ಹೊರಟಿತು. ಒಬ್ಬ ಕ್ರೈಸ್ತ ಅರಸ ಯಹೂದಿ ಸಂಪ್ರದಾಯದ ಕಾವಲುಗಾರನಾಗಿ ನಿಂತ ಈ ಸಂಗತಿಯಲ್ಲಿ ವ್ಯಂಗ್ಯವಿದೆ. ಧರ್ಮದಲ್ಲಿ ಪಂಗಡಗಳು ಹೆಚ್ಚಿದರೆ ಪ್ರಜೆಗಳಲ್ಲಿ ಸ್ವತಂತ್ರ ಬುದ್ಧಿ ಹೆಚ್ಚೀತು ಎಂಬ ಅಂಜಿಕೆಯೇ ಅದರ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ದೊರೆಯ ಕಾಲ ಮುಗಿದ ಮೇಲೆ, 1845ರಲ್ಲಿ, ಬರ್ಲಿನ್ನಿನ ತೀವ್ರ ಸುಧಾರಕರು ಬೇರೆಯದೇ ಒಂದು ಸಂಘವನ್ನು ಕಟ್ಟಿಕೊಂಡರು. 1854ರಲ್ಲಿ ಯೊಹಾನಿಸ್ ಬೀದಿಯಲ್ಲಿ ಮಂದಿರವನ್ನೂ ಕಟ್ಟಿಸಿದರು. ಅವರ ಪ್ರಾರ್ಥನೆ ಬಹುತೇಕ ಜರ್ಮನ್ ಭಾಷೆಯಲ್ಲಿತ್ತು. ಗಂಡಸರು ಬರಿದಲೆಯಲ್ಲಿ ಕೂರುತ್ತಿದ್ದರು. ಪೂಜೆ ಭಾನುವಾರ ನಡೆಯುತ್ತಿತ್ತು. ಇವರು ಕೆಲವೇ ನೂರು ಕುಟುಂಬಗಳವರು. ಮಿಕ್ಕ ಬಹುಸಂಖ್ಯಾತರಿಗೆ ಇದ್ದದ್ದು ಹೈಡರಾಯ್ಟರ್ ಗಲ್ಲಿಯಲ್ಲಿ 1714ರಲ್ಲಿ ತೆರೆದ ಹಳೆಯ ಸಿನಗಾಗ್ ಒಂದೇ. ಊರು ಬೆಳೆಯುತ್ತಿತ್ತು, ಪೂರ್ವ ಪ್ರಾಂತಗಳಿಂದ ಯಹೂದಿಗಳು ಬರುತ್ತಲೇ ಇದ್ದರು, ಹಬ್ಬದ ದಿನಗಳಲ್ಲಿ ಹಳೆಯ ಮಂದಿರದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಸ ಸಿನಗಾಗ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಆದ್ದರಿಂದ ಅದು ಕ್ರಾಂತಿಕಾರಿಗಳ ಕಟ್ಟಡವಲ್ಲ. ಯೊಹಾನಿಸ್ ಬೀದಿಯವರಷ್ಟು ದೂರ ಹೋಗಲು ಇಷ್ಟವಿಲ್ಲದ, ಆದರೆ ಹಳೆಯದರಲ್ಲೇ ಉಳಿಯಲೂ ಒಪ್ಪದ ನಡುಪಂಥೀಯರ ಕಟ್ಟಡ.

1856ರಲ್ಲಿ ಸಮುದಾಯದವರು ಕೊಂಡ ನಿವೇಶನ ಬಹಳ ಅನುಕೂಲದ್ದೇನೂ ಆಗಿರಲಿಲ್ಲ. ಬೀದಿಯ ಕಡೆ ಅದು ಕಿರಿದು. ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ, ಜೊತೆಗೆ ಒಂದು ಪಕ್ಕಕ್ಕೆ ಓರೆಯಾಗಿ ಹೊರಳುತ್ತದೆ. 1857ರಲ್ಲಿ ವಾಸ್ತುಶಿಲ್ಪಿಗಳ ಸ್ಪರ್ಧೆ ಕರೆದರು. ಬಂದ ನಕ್ಷೆಗಳು ತೃಪ್ತಿ ತರಲಿಲ್ಲವಾಗಿ, ತೀರ್ಪುಗಾರರಲ್ಲಿ ಪ್ರಮುಖರಾಗಿದ್ದ ಎಡುವರ್ಡ್ ಕ್ನೋಬ್ಲಾಖ್ ಅವರೇ ಕೊನೆಗೆ ನಕ್ಷೆ ಬರೆಯುವ ಹೊಣೆ ಹೊತ್ತರು. ಇಂದಿನ ಟೆಂಡರು ನಿಯಮಗಳ ಕಾಲದಲ್ಲಿ ಇದು ನಡೆಯುವ ಮಾತಲ್ಲ. ಕ್ನೋಬ್ಲಾಖ್ ಕ್ರೈಸ್ತರು, ಸರಕಾರಿ ನೌಕರಿಯ ಹಂಗಿಲ್ಲದೆ ಖಾಸಗಿಯಾಗಿ ಕೆಲಸ ಮಾಡಿ ಹೆಸರು ಗಳಿಸಿದವರು; ಪಕ್ಕದ ಆಗುಸ್ಟ್ ಬೀದಿಯಲ್ಲಿ ಯಹೂದಿ ಆಸ್ಪತ್ರೆಯನ್ನು ಕಟ್ಟಿದವರೂ ಅವರೇ. 1859ರಲ್ಲಿ ಕೆಲಸ ಶುರುವಾಯಿತು, ಆದರೆ ಅವರು ಕಾಯಿಲೆ ಬಿದ್ದರು. ಬರ್ಲಿನ್ನಿನ ನೋಯೆಸ್ ಮ್ಯೂಸಿಯಂ ಕಟ್ಟಿದ ಫ್ರೀಡ್ರಿಕ್ ಆಗುಸ್ಟ್ ಸ್ಟ್ಯೂಲರ್ ಗೆಳೆಯನ ಕೆಲಸವನ್ನು ಕೈಗೆತ್ತಿಕೊಂಡು ಒಳಾಂಗಣವನ್ನು ರೂಪಿಸಿದರು. 1865ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಮರುವರ್ಷ ಬಾಗಿಲು ತೆರೆದದ್ದನ್ನು ಕಾಣುವ ಭಾಗ್ಯ ಇಬ್ಬರಿಗೂ ಇರಲಿಲ್ಲ.

ಓರೆ ನಿವೇಶನದ ತೊಡಕನ್ನು ಕ್ನೋಬ್ಲಾಖ್ ಬಿಡಿಸಿದ ಬಗೆ ನನಗೆ ಈ ಕಟ್ಟಡದಲ್ಲಿ ಅತ್ಯಂತ ಮೆಚ್ಚುಗೆಯ ಅಂಶ. ಮುಖಭಾಗವು ಬೀದಿಗೆ ನೇರವಾಗಿರಬೇಕು. ಸಭಾಂಗಣವಾದರೋ ಹಿಂದಿನ ಜಾಗದ ಹೊರಳಿಗೆ ತಕ್ಕಂತೆ ಬೇರೊಂದು ದಿಕ್ಕಿಗೆ ತಿರುಗಿರಬೇಕು. ಎರಡು ಅಕ್ಷಗಳು ಕೂಡುವ ಕಡೆ ಗೋಡೆ ಮುರಿದಂತೆ ಕಾಣದಿರಲು, ಅವರು ಗುಮ್ಮಟದ ಕೆಳಗಿನ ಮೊಗಸಾಲೆಯನ್ನೇ ಕೀಲಾಗಿ ಬಳಸಿದರು. ನಡುವಿನ ಬಿಂದುವಿನ ಸುತ್ತ ಕಟ್ಟಿದ ಕೋಣೆಗೆ ಮುಂದು ಹಿಂದು ಎಂಬ ಹಟವಿಲ್ಲ. ಒಂದು ಬಾಗಿಲಿನಿಂದ ಬಂದವರು ಸ್ವಲ್ಪ ಹೊರಳಿ ಇನ್ನೊಂದು ಬಾಗಿಲಿನಿಂದ ಹೋದರೆ ದಾರಿ ಬಾಗಿತೆಂಬ ಅರಿವೇ ಆಗುವುದಿಲ್ಲ. ಇದು ಒಳಗಿನ ಲೆಕ್ಕಾಚಾರ. ಹೊರಗಿನದು ಇನ್ನೊಂದಿದೆ. ಗುಮ್ಮಟವನ್ನು ಹಿಂದಿನ ಸಭಾಂಗಣದ ಮೇಲೆ ಇಟ್ಟಿದ್ದರೆ ಎತ್ತರದ ಮನೆಗಳ ನಡುವಿನ ಆ ಬೀದಿಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಮುಂದಕ್ಕೆ ತಂದು ಎತ್ತರಿಸಿದ್ದರಿಂದ ಅದು ಊರಿನ ಆಕಾಶರೇಖೆಯಲ್ಲಿ ಚರ್ಚುಗಳ ಶಿಖರಗಳ ಜೊತೆಗೆ ಸೇರಿತು. ಅಂಗಳಗಳ ಹಿಂದೆ, ಗಲ್ಲಿಗಳ ಒಳಗೆ ಮರೆಯಾಗಿ ಪ್ರಾರ್ಥಿಸುತ್ತ ಬಂದ ಒಂದು ಸಮುದಾಯ, ನಾಗರಿಕ ಹಕ್ಕುಗಳು ಇನ್ನೂ ಪೂರ್ಣವಾಗಿ ಕೈಗೆ ಬಂದಿರದ ಕಾಲದಲ್ಲಿ, ಹೀಗೆ ಎದ್ದು ಕಾಣಲು ತೀರ್ಮಾನಿಸಿತು. ಧರ್ಮಭೇದವಿಲ್ಲದೆ ಸಮಾನ ಹಕ್ಕುಗಳನ್ನು ಕೊಡುವ ಕಾನೂನು ಉತ್ತರ ಜರ್ಮನ್ ಒಕ್ಕೂಟದಲ್ಲಿ ಬಂದದ್ದು 1869ರಲ್ಲಿ. ಗುಮ್ಮಟ ಕಾನೂನಿಗಿಂತ ಮೂರು ವರ್ಷ ಮುಂದಿತ್ತು.

ಶೈಲಿಯ ವಿಷಯಕ್ಕೆ ಬರೋಣ. ಮುಖಭಾಗದಲ್ಲಿ ತಿಳಿ ಬಣ್ಣದ ಇಟ್ಟಿಗೆ, ನಡುನಡುವೆ ಬಣ್ಣದ ಪಟ್ಟೆಗಳು, ಇಕ್ಕೆಲಗಳಲ್ಲಿ ಸಣ್ಣ ಗುಮ್ಮಟ ಹೊತ್ತ ಎರಡು ಗೋಪುರಗಳು. ಕಮಾನುಗಳೂ ಅಲಂಕಾರಗಳೂ ಸ್ಪೇನಿನ ಗ್ರನಾಡದ ಅಲ್ಹಂಬ್ರಾ ಅರಮನೆಯನ್ನು ನೆನಪಿಸುವಂಥವು. ಸ್ಪೇನಿನ ಮುಸ್ಲಿಂ ಆಳ್ವಿಕೆಯ ಕಾಲದ ಈ ಮೂರಿಶ್ ಶೈಲಿ ಕ್ನೋಬ್ಲಾಖ್ ಅವರ ಸ್ವಂತ ಕಲ್ಪನೆಯಲ್ಲ: ಡ್ರೆಸ್ಡನ್ ನಗರದಲ್ಲಿ ಗಾಟ್‌ಫ್ರೀಡ್ ಸೆಂಪರ್ 1840ರಲ್ಲಿ ಮುಗಿಸಿದ ಸಿನಗಾಗಿನ ಒಳಾಂಗಣ ಹೀಗೇ ಇತ್ತು, ವಿಯೆನ್ನಾದಲ್ಲಿ 1858ರಲ್ಲಿ, ಬುಡಾಪೆಸ್ಟಿನಲ್ಲಿ 1859ರಲ್ಲಿ ಲುಡ್ವಿಗ್ ಫೋರ್ಸ್ಟರ್ ಕಟ್ಟಿದ ದೊಡ್ಡ ಮಂದಿರಗಳು ಇದನ್ನು ಹೊರಮೈಗೂ ತಂದಿದ್ದವು. ಯಹೂದಿಗಳಿಗೆ ತಮ್ಮದೇ ಎನ್ನಬಹುದಾದ ವಾಸ್ತುಶೈಲಿ ಇರಲಿಲ್ಲ. ಗೋಥಿಕ್ ಆರಿಸಿದರೆ ಚರ್ಚನ್ನು ನಕಲು ಮಾಡಿದಂತಾಗುತ್ತಿತ್ತು. ಗ್ರೀಕ್ ಆರಿಸಿದರೆ ಬಹುದೇವತಾರಾಧಕರ ಗುಡಿಯ ನೆನಪು ಬರುತ್ತಿತ್ತು. ಮಧ್ಯಯುಗದ ಸ್ಪೇನಿನಲ್ಲಿ ಮುಸ್ಲಿಂ ಅರಸರ ಆಳ್ವಿಕೆಯಲ್ಲಿ ಯಹೂದಿ ಕವಿಗಳೂ ವೈದ್ಯರೂ ತತ್ತ್ವಜ್ಞರೂ ಅರಳಿದ ಕಾಲವನ್ನು ಹತ್ತೊಂಬತ್ತನೆಯ ಶತಮಾನದ ಸುಶಿಕ್ಷಿತ ಯಹೂದಿಗಳು ತಮ್ಮ ಸುವರ್ಣಯುಗವೆಂದು ಕಲ್ಪಿಸಿಕೊಂಡಿದ್ದರಿಂದ, ಆ ನಾಡಿನ ಕಮಾನು ಅವರಿಗೆ ಪರಕೀಯವೆನಿಸಲಿಲ್ಲ; ಪೂರ್ವದಿಂದ ಬಂದವರು ನಾವು, ಆದರೂ ಬರ್ಲಿನ್ನಿನ ನಾಗರಿಕರು ಎಂದು ಒಟ್ಟಿಗೆ ಹೇಳಲು ಅದು ಒದಗಿತು.

ಎಲ್ಲರೂ ಅದನ್ನು ಹಾಗೆ ಓದಲಿಲ್ಲ. ರಾಜಧಾನಿಯ ಅತ್ಯಂತ ಭವ್ಯ ದೇವಮಂದಿರ ಸಿನಗಾಗ್ ಆಗಿರುವುದು ಇತಿಹಾಸಕಾರ ಹೈನ್ರಿಕ್ ಫಾನ್ ಟ್ರೈಚ್ಕೆಗೆ ಸಹನೆಯಾಗಲಿಲ್ಲ. ಪೌಲ್ ದ ಲಗಾರ್ಡ್ ಎಂಬ ವಿದ್ವಾಂಸನಂತೂ ಜರ್ಮನರಾಗಬೇಕೆನ್ನುವವರು ತಮ್ಮ ಪವಿತ್ರ ಸ್ಥಳವನ್ನು ಮೂರಿಶ್ ಶೈಲಿಯಲ್ಲಿ ಕಟ್ಟಿ ತಮ್ಮ ಪರಕೀಯತೆಯನ್ನು ತಾವೇ ಸಾರುತ್ತಿದ್ದಾರೆ ಎಂದು ಆಕ್ಷೇಪಿಸಿದನು. ಗೋಥಿಕ್‌ನಲ್ಲಿ ಕಟ್ಟಿದ್ದರೆ ಇದೇ ಜನ ಕಪಟವೆಂದು ದೂರುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸಭಾಂಗಣದ ಹಳೆಯ ಚಿತ್ರಗಳನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಂಬಗಳ ಸಣಕಲುತನ. ಅಷ್ಟು ದೊಡ್ಡ ಉಪ್ಪರಿಗೆಗಳನ್ನು ಹೊರಲು ಕಲ್ಲಿನ ಕಂಬಗಳಾದರೆ ದಪ್ಪಗಿರಬೇಕಾಗಿತ್ತು, ಹಿಂದೆ ಕೂತವರಿಗೆ ಮುಂದಿನದು ಮರೆಯಾಗುತ್ತಿತ್ತು. ಇಲ್ಲಿ ಬಳಸಿದ್ದು ಕಬ್ಬಿಣ. ಅನಿಲಾಗಾರಗಳ ಚಾವಣಿಗೆ ಹಗುರವಾದ ಕಬ್ಬಿಣದ ಗುಮ್ಮಟವನ್ನು ರೂಪಿಸಿ ಹೆಸರಾದ ಎಂಜಿನಿಯರ್ ಯೊಹಾನ್ ವಿಲ್ಹೆಲ್ಮ್ ಶ್ವೆಡ್ಲರ್ ಈ ಕಟ್ಟಡದ ಕಬ್ಬಿಣದ ಕೆಲಸದಲ್ಲಿಯೂ ಭಾಗಿಯಾಗಿದ್ದರು. ಅಂದರೆ ಅಲ್ಹಂಬ್ರಾದ ಉಡುಗೆಯ ಒಳಗೆ ಇದ್ದದ್ದು ರೈಲು ನಿಲ್ದಾಣಗಳ ಕಾಲದ ಅಸ್ಥಿಪಂಜರ. ಬಣ್ಣದ ಗಾಜಿನ ಹಿಂದೆ ಅನಿಲದೀಪಗಳನ್ನು ಅಡಗಿಸಿ ಇರಿಸಿದ್ದರಿಂದ, ಸಂಜೆಯ ಪ್ರಾರ್ಥನೆಯಲ್ಲಿ ದೀಪ ಕಾಣದೆ ಬೆಳಕು ಮಾತ್ರ ಬರುತ್ತಿತ್ತು.

ಬಿಮಾ ನಡುಮನೆಯನ್ನು ಬಿಟ್ಟು ತುದಿಗೆ, ಮಂಜೂಷದ ಎದುರಿಗೆ ಬಂದಿತ್ತು. ಆಸನಗಳೆಲ್ಲ ಅದರ ಕಡೆ ಮುಖ ಮಾಡಿದ ಸಾಲುಗಳಾದವು. ಚಿಕ್ಕ ಬದಲಾವಣೆಯೆಂದು ಕಾಣಬಹುದು. ಆದರೆ ಇದರಿಂದ ಪ್ರಾರ್ಥನೆಯ ಸ್ವರೂಪವೇ ಬೇರೆಯಾಯಿತು. ಹಿಂದೆ ಪ್ರತಿಯೊಬ್ಬನೂ ತನ್ನ ವೇಗದಲ್ಲಿ, ತೂಗಾಡುತ್ತ, ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ. ಈಗ ಎಲ್ಲರೂ ಕೂತು ಒಂದೇ ಕಡೆ ನೋಡುತ್ತ ಪ್ರವಚನವನ್ನೂ ಹಾಡನ್ನೂ ಕೇಳತೊಡಗಿದರು. ಹೆಂಗಸರ ಉಪ್ಪರಿಗೆಗೆ ಜಾಲಂಧ್ರ ಇರಲಿಲ್ಲ, ಅವರೂ ಎಲ್ಲವನ್ನೂ ಕಾಣಬಹುದಾಗಿತ್ತು. ಆದರೆ ಉಪ್ಪರಿಗೆ ಉಳಿಯಿತು. ಅವರು ಕೆಳಗಿಳಿದು ಗಂಡಸರ ಪಕ್ಕ ಕೂರುವಷ್ಟು ಸುಧಾರಣೆ ಆಗಿರಲಿಲ್ಲ.

ದೊಡ್ಡ ಜಗಳ ನಡೆದದ್ದು ಆರ್ಗನ್ ಬಗ್ಗೆ. ಸಮುದಾಯದ ಆಡಳಿತ ಮಂಡಳಿ ಅದನ್ನು ಇಡಬೇಕೆಂದಾಗ ಬರ್ಲಿನ್ನಿನ ಪ್ರಸಿದ್ಧ ರಬ್ಬಿ (ಯಹೂದಿ ಧರ್ಮಗುರು) ಮಿಖಾಯೆಲ್ ಝಾಕ್ಸ್ ಕೊನೆಯವರೆಗೂ ಒಪ್ಪಲಿಲ್ಲ. ಹೀಬ್ರೂ ಕಾವ್ಯದ ಆಳವಾದ ಓದಿದ್ದ, ಜರ್ಮನ್ ಭಾಷೆಯಲ್ಲಿ ಸೊಗಸಾಗಿ ಪ್ರವಚನ ಮಾಡುತ್ತಿದ್ದ ಅವರನ್ನು ಹಳೆಯ ಕಾಲದ ಮೊಂಡರೆಂದು ತಳ್ಳಿಹಾಕುವಂತಿಲ್ಲ. ಆರ್ಗನ್ ಬಂದರೆ ಸಿನಗಾಗ್ ಚರ್ಚಿನ ನೆರಳಾಗುತ್ತದೆಂಬುದು ಅವರ ಅಳಲಾಗಿತ್ತು. 1864ರಲ್ಲಿ ಅವರು ತೀರಿಕೊಂಡರು, ಆರ್ಗನ್ ಬಂತು. ಮೈಂಟ್ಸ್ ನಗರದಿಂದ ಕರೆಸಿಕೊಂಡ ರಬ್ಬಿ ಯೋಸೆಫ್ ಔಬ್ ಹೊಸ ಪ್ರಾರ್ಥನಾ ಪುಸ್ತಕವನ್ನು ಸಿದ್ಧಪಡಿಸಿದರು: ಹೀಬ್ರೂ ಬಹುಪಾಲು ಉಳಿಯಿತು, ಜೆರುಸಲೇಮಿನಲ್ಲಿ ಬಲಿಯರ್ಪಣೆ ಮತ್ತೆ ಶುರುವಾಗಲಿ ಎಂಬಂಥ ಬೇಡಿಕೆಗಳು ಬದಲಾದವು. ಗಾಯಕವೃಂದದ ಹೊಣೆ ಹೊತ್ತ ಲೂಯಿ ಲೆವಾಂಡೋವ್ಸ್ಕಿ ಹಳೆಯ ಪ್ರಾರ್ಥನಾ ಧಾಟಿಗಳನ್ನು ನಾಲ್ಕು ದನಿಗಳ ಮೇಳಕ್ಕೂ ಆರ್ಗನ್ನಿಗೂ ಅಳವಡಿಸಿ ಹೊಸ ಸಂಗೀತವನ್ನೇ ರಚಿಸಿದರು. ಅದನ್ನು ಕೇಳಿದರೆ ಜರ್ಮನ್ ಸಂಗೀತಕಾರ ಮೆಂಡೆಲ್ಸೋನನ ನೆರಳು ಧಾರಾಳವಾಗಿ ಕಾಣುತ್ತದೆ. ಅಷ್ಟಾದರೂ ಆ ಹಾಡುಗಳನ್ನು ಇಂದು ಆರ್ಗನ್ ಕಂಡರಾಗದ ಸಂಪ್ರದಾಯಸ್ಥರ ಸಿನಗಾಗುಗಳಲ್ಲಿಯೂ ಬರಿಯ ಕಂಠದಲ್ಲಿ ಹಾಡುತ್ತಾರೆ. ಝಾಕ್ಸ್ ಅವರ ಭಯ ಅರ್ಧ ಮಾತ್ರ ನಿಜವಾಯಿತೆನ್ನಬೇಕು. ಸಮುದಾಯದಲ್ಲಿ ಬಿರುಕಂತೂ ಬಿಟ್ಟಿತು: 1869ರಲ್ಲಿ ಸಂಪ್ರದಾಯಸ್ಥರ ಒಂದು ಗುಂಪು ಅದಾಸ್ ಯಿಸ್ರೋಯೆಲ್ ಎಂಬ ಹೆಸರಿನಲ್ಲಿ ಬೇರೆಯಾಗಿ, ಎಸ್ರಿಯೆಲ್ ಹಿಲ್ಡೆಸ್‌ಹೈಮರ್ ಅವರನ್ನು ತಮ್ಮ ರಬ್ಬಿಯಾಗಿ ಕರೆಸಿಕೊಂಡಿತು.

ಉದ್ಘಾಟನೆ ನಡೆದದ್ದು 1866ರ ಸೆಪ್ಟೆಂಬರ್ 5ರಂದು, ಯಹೂದಿ ಹೊಸ ವರ್ಷಕ್ಕೆ ಕೆಲವೇ ದಿನ ಮುಂಚೆ. ಆಸ್ಟ್ರಿಯದ ಮೇಲಿನ ಯುದ್ಧವನ್ನು ಎರಡು ತಿಂಗಳ ಹಿಂದಷ್ಟೇ ಗೆದ್ದಿದ್ದ ಪ್ರಶ್ಯದ ಮುಖ್ಯಮಂತ್ರಿ ಬಿಸ್ಮಾರ್ಕ್ ಸಭೆಯಲ್ಲಿದ್ದನು. ಮುಂದಿನ ವರ್ಷ ರಷ್ಯಕ್ಕೆ ಹೊರಟಿದ್ದ 'ಆಲಿಸ್' ಕಥೆಯ ಲೇಖಕ ಲೂಯಿ ಕ್ಯಾರಲ್ ದಾರಿಯಲ್ಲಿ ಇಲ್ಲಿನ ಪ್ರಾರ್ಥನೆಗೆ ಬಂದು, ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಅಲ್ಬರ್ಟ್ ಐನ್‌ಸ್ಟೈನ್ 1930ರ ಜನವರಿಯಲ್ಲಿ ಒಂದು ಸಹಾಯಾರ್ಥ ಸಂಗೀತ ಕಛೇರಿಯಲ್ಲಿ ಇದೇ ಸಭಾಂಗಣದಲ್ಲಿ ಪಿಟೀಲು ನುಡಿಸಿದರು.

ಹೆಂಗಸರ ಉಪ್ಪರಿಗೆಯ ಮಾತು ಅರ್ಧಕ್ಕೆ ನಿಂತಿತ್ತು. 1928ರಲ್ಲಿ ಪ್ರಗತಿಪರ ಯಹೂದಿಗಳ ವಿಶ್ವ ಒಕ್ಕೂಟದ ಸಮ್ಮೇಳನ ಬರ್ಲಿನ್ನಿನಲ್ಲಿ ನಡೆದಾಗ ಲಂಡನ್ನಿನ ಲಿಲಿ ಮಾಂಟೆಗ್ಯು ಪ್ರವಚನ ಮಾಡಿದರು. ಜರ್ಮನಿಯ ಯಹೂದಿ ಮಂದಿರದಲ್ಲಿ ಹೆಣ್ಣೊಬ್ಬಳು ಪ್ರವಚನ ಪೀಠ ಏರಿದ್ದು ಅದೇ ಮೊದಲು. ಅದಾದದ್ದು ಗುಮ್ಮಟದ ಈ ಮಂದಿರದಲ್ಲಲ್ಲ, ನಡೆದು ಹೋಗುವಷ್ಟು ಹತ್ತಿರದ ಯೊಹಾನಿಸ್ ಬೀದಿಯಲ್ಲಿ. ಇಲ್ಲಿ ಕನ್ನಡ ನಾಡಿಗೊಂದು ಎಳೆ ಇದೆ. ಶಿವಮೊಗ್ಗದಲ್ಲಿ ಹುಟ್ಟಿದ ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದ ವೈದ್ಯೆ ಡಾ. ಜೆರುಶಾ ಝಿರಾಡ್ ಲಂಡನ್ನಿನಲ್ಲಿ ಓದುವಾಗ ಮಾಂಟೆಗ್ಯು ಅವರ ಉದಾರ ಪಂಥದ ಪರಿಚಯ ಮಾಡಿಕೊಂಡು, 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಶ್ ರಿಲಿಜಿಯಸ್ ಯೂನಿಯನ್ ಸ್ಥಾಪಿಸಿದರು. ರೊಡೆಫ್ ಶಾಲೋಮ್ ಸಿನಗಾಗ್ ಬೆಳೆದದ್ದು ಅದರಿಂದ. ಕಾಮಾ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿ 1966ರಲ್ಲಿ ಪದ್ಮಶ್ರೀ ಪಡೆದ ಅವರನ್ನು ವೈದ್ಯೆಯಾಗಿ ನೆನೆಯುವವರು ಉಂಟು, ಧರ್ಮಸುಧಾರಕಿಯಾಗಿ ನೆನೆಯುವವರು ಕಡಿಮೆ.

1933ರ ಜನವರಿ 24ರಂದು ಸಿನಗಾಗಿನ ಮಗ್ಗುಲಲ್ಲಿ ಯಹೂದಿ ವಸ್ತುಸಂಗ್ರಹಾಲಯ ತೆರೆಯಿತು. ಆರು ದಿನಗಳ ಮೇಲೆ ಹಿಟ್ಲರ್ ಚಾನ್ಸಲರ್ ಆದನು. 1938ರ ನವೆಂಬರ್ 9ರ ರಾತ್ರಿ ದೇಶದುದ್ದಕ್ಕೂ ನಾಜಿಗಳು ಸಿನಗಾಗುಗಳಿಗೆ ಬೆಂಕಿ ಹಚ್ಚಿದಾಗ ಇಲ್ಲಿನ ಮೊಗಸಾಲೆಯಲ್ಲಿಯೂ ಬೆಂಕಿ ಹತ್ತಿತು. ಆದರೆ ಆ ವಲಯದ ಪೊಲೀಸರು ಬಂದು, ಈ ಕಟ್ಟಡ ಸಂರಕ್ಷಿತ ಸ್ಮಾರಕವೆಂದು ಹೇಳಿ, ಪಿಸ್ತೂಲು ತೋರಿಸಿ ದಾಳಿಕೋರರನ್ನು ಹೊರಗಟ್ಟಿ ಅಗ್ನಿಶಾಮಕ ದಳವನ್ನು ಕರೆಸಿದರು. ಠಾಣೆಯ ಮುಖ್ಯಸ್ಥ ವಿಲ್ಹೆಲ್ಮ್ ಕ್ರ್ಯುಟ್ಸ್‌ಫೆಲ್ಡ್ ಅವರ ಹೆಸರು ಈ ಘಟನೆಯೊಡನೆ ಸೇರಿಕೊಂಡಿದೆ. ಅಂದು ರಾತ್ರಿ ಸ್ಥಳದಲ್ಲಿದ್ದವರು ಅವರ ಕೈಕೆಳಗಿನ ಓಟೋ ಬೆಲ್‌ಗಾರ್ಟ್ ಎಂದು ನಂತರದ ಶೋಧಕರು ಹೇಳುತ್ತಾರೆ. ಈ ಸಿನಗಾಗ್ ಆ ರಾತ್ರಿ ಧಗಧಗನೆ ಉರಿಯುತ್ತಿರುವ ಚಿತ್ರವೊಂದು ಪುಸ್ತಕಗಳಲ್ಲಿ ಬಹಳ ಕಾಲ ಅಚ್ಚಾಗುತ್ತಿತ್ತು. ಅದು ಯುದ್ಧದ ನಂತರ ತೆಗೆದ ಚಿತ್ರಕ್ಕೆ ಜ್ವಾಲೆಯನ್ನು ತಿದ್ದಿ ಸೇರಿಸಿದ್ದು. ನಿಜವಾದ ದುರಂತಕ್ಕೆ ಸುಳ್ಳು ಸಾಕ್ಷ್ಯ ಬೇಕಿರಲಿಲ್ಲ: ಅದೇ ರಾತ್ರಿ ಬರ್ಲಿನ್ನಿನ ಫಾಸಾನೆನ್ ಬೀದಿಯ ಸಿನಗಾಗ್ ನಿಜವಾಗಿಯೇ ಉರಿದುಹೋಯಿತು.

1940ರಲ್ಲಿ ಪ್ರಾರ್ಥನೆಗಳು ನಿಂತವು, ಸೈನ್ಯ ಕಟ್ಟಡವನ್ನು ಸಮವಸ್ತ್ರಗಳ ಉಗ್ರಾಣ ಮಾಡಿಕೊಂಡಿತು. 1943ರ ನವೆಂಬರಿನ ವಾಯುದಾಳಿಯಲ್ಲಿ ಬಾಂಬು ಬಿದ್ದು ಸಭಾಂಗಣ ಹಾಳಾಯಿತು. ಯುದ್ಧದ ನಂತರ ಈ ಬೀದಿ ಪೂರ್ವ ಬರ್ಲಿನ್ನಿನ ಪಾಲಾಯಿತು. ಕುಸಿಯುವ ಅಪಾಯವಿದೆಯೆಂದು 1958ರಲ್ಲಿ ಸಭಾಂಗಣದ ಅವಶೇಷವನ್ನೂ ಗುಮ್ಮಟದಲ್ಲಿ ಮಿಕ್ಕಿದ್ದನ್ನೂ ಕೆಡವಿದರು. 1933ರಲ್ಲಿ ಸುಮಾರು 1,60,000 ಯಹೂದಿಗಳಿದ್ದ ನಗರದ ಪೂರ್ವ ಭಾಗದಲ್ಲಿ ಆಗ ಉಳಿದವರು ಬಹಳ ಕಡಿಮೆ; ಅಷ್ಟು ದೊಡ್ಡ ಸಭಾಂಗಣವನ್ನು ತುಂಬುವವರೇ ಇರಲಿಲ್ಲ. ಮುಖಭಾಗ ಮಾತ್ರ, ಮುಂದೆ ಎಂದಾದರೂ ಸ್ಮಾರಕವಾಗಲೆಂದು, ಬೋಳು ತಲೆಯಲ್ಲಿ ಮೂವತ್ತು ವರ್ಷ ನಿಂತಿತು.

1988ರಲ್ಲಿ, ಹೊರದೇಶಗಳ ಮುಂದೆ ಒಳ್ಳೆಯ ಹೆಸರಿಗಾಗಿ ಹಾತೊರೆಯುತ್ತಿದ್ದ ಪೂರ್ವ ಜರ್ಮನ್ ಸರಕಾರ ಸೆಂಟ್ರುಮ್ ಯೂದಾಯಿಕುಮ್ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿ ಜೀರ್ಣೋದ್ಧಾರಕ್ಕೆ ಕೈ ಹಾಕಿತು. ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಸ್ವಲ್ಪದರಲ್ಲಿ ಆ ಸರಕಾರವೇ ಇಲ್ಲವಾಯಿತು, ಕೆಲಸ ನಿಲ್ಲಲಿಲ್ಲ. 1991ರಲ್ಲಿ ಗುಮ್ಮಟ ಮತ್ತೆ ಎದ್ದಿತು, 1995ರ ಮೇ 7ರಂದು ಬಾಗಿಲು ತೆರೆಯಿತು. ಸಭಾಂಗಣವನ್ನು ಮರಳಿ ಕಟ್ಟದಿರಲು ತೀರ್ಮಾನಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಒಳಗಿನ ಗೋಡೆಗಳಲ್ಲಿ ಮೂಲ ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಹಾಗೆಯೇ ಬಿಟ್ಟು, ಹೋದ ಕಡೆ ಬರಿಯ ಗಾರೆಯನ್ನು ಕಾಣಿಸಿದ್ದಾರೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಯಾರೂ ಮೋಸಹೋಗುವುದಿಲ್ಲ. ಗುಮ್ಮಟಕ್ಕೆ ಮಾತ್ರ ಈ ನಿಯಮ ಸಡಿಲವಾಯಿತು. ಅದು ಪೂರ್ತಿ ಹೊಸದಾಗಿದ್ದೂ ಹಳೆಯದರಂತೆ ಹೊಳೆಯುತ್ತದೆ, ಪ್ರವಾಸಿಗರನ್ನು ಮೊದಲು ದಾರಿ ತಪ್ಪಿಸುವುದೂ ಅದೇ. 1989ರಲ್ಲಿ ಅವಶೇಷಗಳನ್ನು ತೆರವು ಮಾಡುವಾಗ ಕಾಂಕ್ರೀಟಿನಡಿ ಹುದುಗಿದ್ದ ಹಳೆಯ ನಂದಾದೀಪ ಜಜ್ಜಿಹೋದ ಸ್ಥಿತಿಯಲ್ಲಿ ಸಿಕ್ಕಿತು. ಅದನ್ನೀಗ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಇದೇ ಕಟ್ಟಡದಲ್ಲಿರುವ ದಾಖಲೆಗಳಲ್ಲಿ ರೆಗೀನಾ ಯೋನಾಸ್ ಅವರ ಕಾಗದಪತ್ರಗಳೂ ಸೇರಿವೆ. ಇದೇ ಬಡಾವಣೆಯಲ್ಲಿ ಬೆಳೆದು, ಹತ್ತಿರದ ಯಹೂದಿ ವಿದ್ಯಾಪೀಠದಲ್ಲಿ ಓದಿ, ಹೆಣ್ಣು ರಬ್ಬಿಯಾಗಬಹುದೇ ಎಂಬ ಪ್ರಶ್ನೆಯ ಮೇಲೆಯೇ 1930ರಲ್ಲಿ ಪ್ರಬಂಧ ಬರೆದ ಅವರು 1935ರ ಡಿಸೆಂಬರಿನಲ್ಲಿ ರಬ್ಬಿ ದೀಕ್ಷೆ ಪಡೆದರು. ಜಗತ್ತಿನಲ್ಲಿ ಆ ದೀಕ್ಷೆ ಪಡೆದ ಮೊದಲ ಹೆಣ್ಣುಮಗಳು ಅವರು. 1942ರಲ್ಲಿ ಅವರನ್ನು ನಾಜಿಗಳ ಬಂದೀಶಿಬಿರವಿದ್ದ ಥೆರೇಸಿಯನ್‌ಸ್ಟಾಟ್‌ಗೆ ಸಾಗಿಸಿದರು, 1944ರಲ್ಲಿ ಆಷ್‌ವಿಟ್ಸ್‌ನಲ್ಲಿ ಕೊಂದರು. ಸುಮಾರು ಅರ್ಧ ಶತಮಾನ ಅವರ ಹೆಸರನ್ನು ಎತ್ತಿದವರಿಲ್ಲ; ಪೂರ್ವ ಜರ್ಮನಿಯ ದಾಖಲೆಗಳು ಶೋಧಕರಿಗೆ ತೆರೆದ ಮೇಲೆ ಒಂದು ಲಕೋಟೆಯಷ್ಟು ಕಾಗದಗಳಿಂದ ಅವರ ಕಥೆ ಮತ್ತೆ ಹೊರಬಂತು.

ಬೀದಿಯ ಕಡೆಯ ಮುಖ್ಯದ್ವಾರದ ಮೇಲೆ ಬೈಬಲಿನ ಯೆಶಾಯನ ಗ್ರಂಥದ ಇಪ್ಪತ್ತಾರನೆಯ ಅಧ್ಯಾಯದ ಹೀಬ್ರೂ ವಾಕ್ಯವೊಂದು ಇಂದಿಗೂ ಇದೆ. ಬಾಗಿಲುಗಳನ್ನು ತೆರೆಯಿರಿ, ಸತ್ಯವನ್ನು ಕಾಯುವ ಧರ್ಮವಂತ ಜನಾಂಗ ಒಳಬರಲಿ ಎಂಬುದು ಅದರ ಭಾವ. ಒಳಹೋಗುವವರನ್ನು ಈಗ ಅಲ್ಲಿ ಭದ್ರತಾ ಸಿಬ್ಬಂದಿ ತಪಾಸಣೆ ಮಾಡುತ್ತಾರೆ, ಹೊರಗೆ ಹಗಲೂ ರಾತ್ರಿಯೂ ಪೊಲೀಸರ ಕಾವಲು ಇರುತ್ತದೆ. ಮೇಲಂತಸ್ತಿನ ಒಂದು ಚಿಕ್ಕ ಕೋಣೆಯಲ್ಲಿ ಸಬ್ಬತ್ ಪ್ರಾರ್ಥನೆ ನಡೆಯುತ್ತದೆ. ಅಲ್ಲಿ ಗಂಡಸರೂ ಹೆಂಗಸರೂ ಜೊತೆಯಾಗಿ ಕೂರುತ್ತಾರೆ, ತೋರಾ ಓದಲು ಇಬ್ಬರನ್ನೂ ಕರೆಯುತ್ತಾರೆ.